ಕಣ್ಣಿಗೊತ್ತಿಕೊಂಡ ಪಿಸ್ತೂಲು

ನಮ್ಮ ಮನೆಯ ಮುಂಬಾಗಿಲ ಹಿಂದೆ, ಮಳೆಯ ಜಾಕೆಟ್ಟುಗಳ ಜೊತೆ, ಅಂಗೈ ಅಗಲದ ಒಂದು ದಪ್ಪನೆಯ ಕಪ್ಪು ಬೆಲ್ಟು ನೇತಾಡುತ್ತಿರುತ್ತದೆ. ಮನೆಗೆ ಬಂದವರೆಲ್ಲ ಅದನ್ನು ನೋಡಿ ಕೇಳುವುದು ಒಂದೇ ಪ್ರಶ್ನೆ: "ಬೆನ್ನು ನೋವಾ?" ಕಳೆದ ಸಲ ಹಬ್ಬದ ಊಟಕ್ಕೆ ಬಂದಿದ್ದ ಹಿರಿಯರೊಬ್ಬರಂತೂ ಅದನ್ನು ಕೆಳಗಿಳಿಸಿ ತಮ್ಮ ಸೊಂಟಕ್ಕೇ ಸುತ್ತಿಕೊಂಡು, "ಎಲ್ಲಿ ತಗೊಂಡ್ರಿ ಇದನ್ನ? ಒಳ್ಳೆ ಗಟ್ಟಿಯಾಗಿದೆ. ಡಿಸ್ಕ್ ಪ್ರಾಬ್ಲಮ್ಮಿಗೋ, ಮಸಲ್ ಪೇನಿಗೋ?" ಎಂದು ವಿಚಾರಿಸಿದರು. "ಎರಡಕ್ಕೂ ಆಗತ್ತೆ ಸಾರ್" ಎಂದುಬಿಟ್ಟೆ. ಅದು ಪಿಸ್ತೂಲು ಕಟ್ಟಿಕೊಳ್ಳುವ ಬೆಲ್ಟು ಎಂದು ಹೇಳಿದ್ದರೆ ಅವರು ಪಾಯಸದ ಬಟ್ಟಲನ್ನು ಅಲ್ಲೇ ಇಟ್ಟು ಎದ್ದುಹೋಗುವ ಸಂಭವವಿತ್ತು. ನನ್ನ ಹೆಂಡತಿ ಸುಧಾ ಬೆಳಗಿನಿಂದ ಒಲೆಯ ಮುಂದೆ ನಿಂತಿದ್ದಳು, ಅವಳ ಶ್ರಮ ಹಾಳಾಗಬಾರದಲ್ಲ.

ನೀವೂ ಗಾಬರಿಯಾಗಬೇಡಿ. ನಾನು ನಿರುಪದ್ರವಿ. ಹಗಲು ಹೊತ್ತು ಐಂಡ್‌ಹೋವನ್ನಿನ ಒಂದು ಆಫೀಸಿನಲ್ಲಿ ಪ್ರೋಗ್ರಾಂ ಬರೆಯುತ್ತೇನೆ. ಸಂಜೆ ಬೆಸ್ಟ್ ಊರಿನ ಮನೆಗೆ ಬಂದು ಮಗಳ ಹತ್ತಿರ ನನ್ನ ಡಚ್ ಉಚ್ಚಾರಣೆ ತಿದ್ದಿಸಿಕೊಳ್ಳುತ್ತೇನೆ. ಬಚ್ಚಲಲ್ಲಿ ಜೇಡ ಕಂಡರೆ ಸುಧಾಳನ್ನು ಕೂಗುತ್ತೇನೆ. ಗುರುವಾರದ ಸಂಜೆ ಮತ್ತು ಕೆಲವು ಭಾನುವಾರ ಮಾತ್ರ ಟಿಲ್‌ಬರ್ಗ್ ಕಡೆಯ ಒಂದು ಶೂಟಿಂಗ್ ಕ್ಲಬ್ಬಿಗೆ ಹೋಗಿ ರಟ್ಟಿನ ತುಂಡುಗಳಿಗೆ ಗುಂಡು ಹೊಡೆಯುತ್ತೇನೆ. ಟಿವಿಯಲ್ಲಿ ತೋರಿಸುವ ಹಾಗೆ ನಿಂತಲ್ಲೇ ನಿಂತು, ಉಸಿರು ಬಿಗಿಹಿಡಿದು ಹೊಡೆಯುವುದಲ್ಲ. ಇದಕ್ಕೆ ಪ್ರಾಕ್ಟಿಕಲ್ ಶೂಟಿಂಗ್ ಎಂದು ಹೆಸರು. ಹಲಗೆಯ ಗೋಡೆ, ಬಾಗಿಲು, ಕಿಟಕಿಗಳನ್ನೆಲ್ಲ ನಿಲ್ಲಿಸಿ ಒಂದು ಸುಳ್ಳುಮನೆ ಕಟ್ಟಿರುತ್ತಾರೆ. ಟೈಮರು ಬೀಪ್ ಎಂದ ಕೂಡಲೇ ಸೊಂಟದಿಂದ ಪಿಸ್ತೂಲು ತೆಗೆದು, ಆ ಮನೆಯೊಳಗೆಲ್ಲ ಓಡಾಡಿ, ಮೂಲೆಮೂಲೆಯಲ್ಲಿ ಅಡಗಿರುವ ರಟ್ಟುಗಳನ್ನು ಹುಡುಕಿ ಹೊಡೆಯಬೇಕು. ಬೇಗ ಮುಗಿಸಿದರೆ ಒಳ್ಳೆಯದು, ಗುರಿ ತಾಗಿದರೆ ಇನ್ನೂ ಒಳ್ಳೆಯದು. ಎರಡೂ ಒಟ್ಟಿಗೆ ಆದದ್ದು ನನಗೆ ನೆನಪಿಲ್ಲ.

ಈ ಆಟದಲ್ಲಿ ಪಿಸ್ತೂಲುಗಳಿಗೂ ವರ್ಗಗಳಿವೆ. ಕೆಲವರದು ಮೇಲೆ ಗಾಜು, ಕೆಳಗೆ ಭಾರ, ಪಕ್ಕದಲ್ಲಿ ಇನ್ನೇನೋ ಕೂರಿಸಿಕೊಂಡು ಮದುವೆ ಮನೆಯ ಹಾಗೆ ಅಲಂಕಾರಗೊಂಡಿರುತ್ತದೆ. ನನ್ನದು ಬಡಪಾಯಿ ವರ್ಗ. ಅಂಗಡಿಯಿಂದ ತಂದದ್ದನ್ನು ತಂದ ಹಾಗೇ ಬಳಸಬೇಕು. ಕೆಲವು ದೇಶಗಳಲ್ಲಿ ಪೊಲೀಸರು ಮಾತ್ರವಲ್ಲ, ಸಾಮಾನ್ಯ ಜನರೂ ಬೆಳಗ್ಗೆ ಮನೆಯಿಂದ ಹೊರಡುವಾಗ ಪರ್ಸು, ಬೀಗದ ಕೈ, ಮೊಬೈಲಿನ ಜೊತೆ ಒಂದು ಪಿಸ್ತೂಲನ್ನೂ ಸೊಂಟಕ್ಕೆ ಸಿಕ್ಕಿಸಿಕೊಳ್ಳುತ್ತಾರಂತೆ. ಅಂಥ ದಿನಬಳಕೆಯ ಪಿಸ್ತೂಲಿನಲ್ಲೇ ಸ್ಪರ್ಧೆಗೂ ನಿಲ್ಲಬೇಕು, ದಿನಾ ಜೊತೆಗಿರುವುದರ ಗುಣದೋಷ ಆಗಲೇ ತಿಳಿಯುವುದು ಎಂಬುದು ಈ ವರ್ಗದವರ ತರ್ಕ. ತಮಾಷೆಯೆಂದರೆ ನೆದರ್‌ಲ್ಯಾಂಡ್ಸ್‌ನಲ್ಲಿ ಆ ದಿನಬಳಕೆಯ ಪಿಸ್ತೂಲನ್ನು ಯಾವ ದಿನವೂ ಕಟ್ಟಿಕೊಂಡು ಓಡಾಡುವಂತಿಲ್ಲ. ಅದು ಗೋಡೆಗೆ ಬೋಲ್ಟು ಹಾಕಿದ ಕಬ್ಬಿಣದ ಕಪಾಟಿನಲ್ಲಿರಬೇಕು. ಗುಂಡುಗಳು ಬೇರೆ ಬೀಗದೊಳಗಿರಬೇಕು. ಪೆಟ್ಟಿಗೆಯಲ್ಲಿ ಬೀಗ ಹಾಕಿಕೊಂಡು ಮನೆಯಿಂದ ನೆಟ್ಟಗೆ ಕ್ಲಬ್ಬಿಗೆ, ಕ್ಲಬ್ಬಿನಿಂದ ನೆಟ್ಟಗೆ ಮನೆಗೆ. ದಾರಿಯಲ್ಲಿ ಕೊತ್ತಂಬರಿ ಸೊಪ್ಪು ತಾ ಎಂದು ಸುಧಾ ಹೇಳಿದರೂ ಗಾಡಿ ನಿಲ್ಲಿಸುವ ಹಾಗಿಲ್ಲ. ಪಿಸ್ತೂಲು ಕೊಂಡದ್ದರಿಂದ ಆದ ಒಂದು ಪ್ರಯೋಜನ ಇದು.

ಕಪಾಟು ಸರಿಯಾಗಿದೆಯೇ ಎಂದು ನೋಡಲು ಪೊಲೀಸರು ಮನೆಗೇ ಬರುತ್ತಾರೆ. ನಮ್ಮಲ್ಲಿಗೆ ಬಂದಾಕೆ ಎತ್ತರದ, ಗಂಭೀರ ಹೆಂಗಸು. ಮನೆಗೆ ಬಂದವರನ್ನು ಬಾಯಿ ಒಣಗಿಸಿ ಕಳಿಸಿ ಅಭ್ಯಾಸವಿಲ್ಲದ ಸುಧಾ ಒಂದು ತಟ್ಟೆ ಕೋಡುಬಳೆ ತಂದಿಟ್ಟಳು. ಡ್ಯೂಟಿಯಲ್ಲಿದ್ದೇನೆ, ತಿನ್ನುವ ಹಾಗಿಲ್ಲ ಎಂದು ಆಕೆ ನಯವಾಗಿ ನಿರಾಕರಿಸಿದಳು. ಆದರೆ ಕಪಾಟಿನ ಬೋಲ್ಟು ಅಲ್ಲಾಡಿಸಿ ನೋಡುವಾಗಲೂ ಅವಳ ಕಣ್ಣು ತಟ್ಟೆಯ ಮೇಲೇ ಇತ್ತು.

ದಿನಾ ಜೊತೆಗಿಟ್ಟುಕೊಳ್ಳುವುದು ಎಂದಾಗ ನನಗೆ ಮೈಸೂರಿನ ನಮ್ಮಮ್ಮನ ಪಿನ್ನು ನೆನಪಾಗುತ್ತದೆ. ಅಮ್ಮನ ಬಳೆಯಲ್ಲಿ ಯಾವಾಗಲೂ ಸೇಫ್ಟಿ ಪಿನ್ನುಗಳ ಒಂದು ಗೊಂಚಲು ತೂಗುತ್ತಿತ್ತು. ನನ್ನ ಕಾಲಿಗೆ ಮುಳ್ಳು ಚುಚ್ಚಿದರೆ ಅದು, ಚಪ್ಪಲಿಯ ಉಂಗುಷ್ಠ ಕಿತ್ತರೆ ಅದು, ಚಡ್ಡಿಯ ಲಾಡಿ ಒಳಗೆ ಸೇರಿಕೊಂಡರೆ ಎಳೆದು ತರಲು ಅದು. ಸರಸ್ವತಿಪುರಂನಿಂದ ಬರುವ ಸಿಟಿ ಬಸ್ಸಿನಲ್ಲಿ ಮೈಮೇಲೆ ಬೀಳುವ ಗಂಡಸರಿಗೂ ಅದನ್ನೇ ಉಪಯೋಗಿಸಿದ್ದಾಗಿ ಅಮ್ಮ ಒಂದು ದಿನ ಹುರುಳಿಕಾಯಿ ಬಿಡಿಸುತ್ತ ಹೇಳಿದ್ದಳು. ಕೊನೆಯವರೆಗೂ ಅವಳ ಗುರಿ ತಪ್ಪಿದ್ದಿಲ್ಲ. ಆ ವಿದ್ಯೆ ಮಗನಿಗೆ ಇಳಿದು ಬರಲಿಲ್ಲ, ಅಷ್ಟೆ.

ನನ್ನನ್ನು ಈ ಕ್ಲಬ್ಬಿಗೆ ಎಳೆದುಕೊಂಡು ಹೋದವನು ಇಮ್ತಿಯಾಜ್. ದಾವಣಗೆರೆಯವನು, ಟಿಲ್‌ಬರ್ಗ್‌ನ ಒಂದು ಲಾಜಿಸ್ಟಿಕ್ಸ್ ಕಂಪನಿಯಲ್ಲಿ ಕೆಲಸ, ಆಫೀಸಿನ ಟೀಮಿನವರ ಜೊತೆ ಒಂದು ಸಲ ಹೋಗಿ ರುಚಿ ಹತ್ತಿಸಿಕೊಂಡಿದ್ದ. "ಬಾರಲೇ ಶ್ರೀಧರ, ಲ್ಯಾಪ್‌ಟಾಪ್ ನೋಡೀ ನೋಡೀ ನಿನ್ನ ಮಾರಿ ಬಿಳುಚ್ಕೊಂಡೈತಿ. ಒಂದ್ ಸಲ ಡಬ್ ಅನ್ನಿಸಿ ನೋಡು, ವಾರದ ಟೆನ್ಶನ್ ಎಲ್ಲಾ ಇಳೀತತಿ" ಎಂದ. ಹೋದೆ. ಡಬ್ ಅನ್ನಿಸಿದೆ. ಟೆನ್ಶನ್ ಇಳಿಯಿತೋ ಇಲ್ಲವೋ, ಅಲ್ಲಿ ನನಗೆ ಹೆಂಕ್ ಸಿಕ್ಕರು.

ಹೆಂಕ್ ಅರವತ್ತು ದಾಟಿದವರು, ಲಾರಿ ಓಡಿಸಿ ನಿವೃತ್ತರಾದವರು, ಬಾಗಿಲು ತುಂಬುವ ಆಳು. ಈ ದೇಶದಲ್ಲಿ ಹಿರಿಯರನ್ನೂ ಹೆಸರು ಹಿಡಿದೇ ಕರೆಯಬೇಕು. ಎದುರಿಗೆ ನಾನೂ "ಹೆಂಕ್" ಎನ್ನುತ್ತೇನೆ, ಆದರೆ ಮನಸ್ಸಿನೊಳಗೆ ಅವರು 'ಬರುತ್ತಾನೆ' ಅಲ್ಲ, 'ಬರುತ್ತಾರೆ'. ಅವರು ಕ್ಲಬ್ಬಿನ ರೇಂಜ್ ಆಫೀಸರು. ಎಂದರೆ ನಾವು ಪಿಸ್ತೂಲು ಹಿಡಿದು ಓಡುವಾಗ ಟೈಮರು ಹಿಡಿದು ನಮ್ಮ ಭುಜದ ಹಿಂದೆಯೇ ಓಡುತ್ತ, ಯಾರಿಗೂ ಏನೂ ಆಗದಂತೆ ನೋಡಿಕೊಳ್ಳುವವರು. ಅಲಂಕಾರದ ಪಿಸ್ತೂಲುಗಳನ್ನು ಕಂಡರೆ ಅವರಿಗಾಗದು. ಅವರ ಪಿಸ್ತೂಲು ಎಷ್ಟು ಸಾದಾ ಎಂದರೆ ಅದರ ಬಣ್ಣ ಹೋಗಿ ಕೈಯ ಬಣ್ಣವೇ ಬಂದಿದೆ. ನನ್ನನ್ನು ಒಂದು ವರ್ಷ ತಿದ್ದಿದವರು ಅವರೇ. ನಳಿಗೆಯ ತುದಿ ಯಾವಾಗಲೂ ಮುಂದಕ್ಕೆ, ಗುರಿಯ ಕಡೆಗೆ. ಪಕ್ಕಕ್ಕಿಲ್ಲ, ಹಿಂದಕ್ಕಿಲ್ಲ, ನಿನ್ನ ಮೈಯ ಕಡೆಗಂತೂ ಎಂದೆಂದೂ ಇಲ್ಲ. ಒಳಗೆ ಗುಂಡು ಇದ್ದರೂ ಅಷ್ಟೇ, ಇಲ್ಲದಿದ್ದರೂ ಅಷ್ಟೇ. ಇದನ್ನು ಪ್ರತಿ ಗುರುವಾರ, ಮೊದಲ ಸಲ ಹೇಳುತ್ತಿರುವವರಂತೆ ಹೇಳುತ್ತಿದ್ದರು.

ಆ ಗುರುವಾರಗಳು ನನಗೆ ಬೇಕಾಗಿದ್ದವು. ಅದನ್ನು ನೇರವಾಗಿಯೇ ಹೇಳಿಬಿಡುತ್ತೇನೆ. ಆಫೀಸಿನಲ್ಲಿ ನಾನು ಇಂಡಿಯಾದಿಂದ ಬಂದ ಜಾಣ. ಮಗಳ ಶಾಲೆಯಲ್ಲಿ ತಪ್ಪು ತಪ್ಪು ಡಚ್ ಮಾತಾಡುವ ಅಪ್ಪ. ಕ್ಲಬ್ಬಿನಲ್ಲಿ ಮಾತ್ರ ಎಲ್ಲರಂತೆ ಗುರಿ ತಪ್ಪಿಸುವವನು, ಎಲ್ಲರ ಜೊತೆ ಬಗ್ಗಿ ಖಾಲಿ ಹಿತ್ತಾಳೆ ಕೊಳವೆಗಳನ್ನು ಗುಡಿಸುವವನು, ಆಮೇಲೆ ಎಲ್ಲರ ಜೊತೆ ಅದೇ ಕೆಟ್ಟ ಕಾಫಿ ಕುಡಿಯುವವನು. "ಶ್ರೀ, ಇವತ್ತೂ ಗೋಡೆಗೇ ಹೊಡೆದೆಯಾ?" ಎಂದು ಅವರು ರೇಗಿಸಿದಾಗ ನನಗಾಗುತ್ತಿದ್ದ ಸಂತೋಷವನ್ನು ಪ್ರಮೋಷನ್ ಬಂದಾಗಲೂ ನಾನು ಕಂಡಿಲ್ಲ.

ಹೀಗೆ ವರ್ಷ ಕಳೆದು, ತಪಾಸಣೆಗಳೆಲ್ಲ ಮುಗಿದು, ನನ್ನದೇ ಒಂದು ಪಿಸ್ತೂಲು ನನ್ನ ಕೈಗೆ ಬಂತು. ಮುಂದಿನ ಭಾನುವಾರವೇ ಕ್ಲಬ್ಬಿನಲ್ಲಿ ಸ್ಪರ್ಧೆ. ನನ್ನ ಮೊದಲ ಸ್ಪರ್ಧೆ. ಬೆಳಗ್ಗೆ ಸ್ನಾನ ಮಾಡಿ, ದೇವರಿಗೆ ಕೈಮುಗಿದು, ಬೆಲ್ಟು ಬಿಗಿದುಕೊಂಡು ಹೋದೆ. ನನ್ನ ಹೆಸರು ಕೂಗಿದರು. ಸುಳ್ಳುಮನೆಯ ಬಾಗಿಲಲ್ಲಿ ನಿಂತೆ. ಹಿಂದೆ ಹೆಂಕ್. ಅದರಾಚೆ ಸಾಲಾಗಿ ಕ್ಲಬ್ಬಿನವರು, ಅವರ ನಡುವೆ ಹಲ್ಲು ಬಿಡುತ್ತ ಇಮ್ತಿಯಾಜ್. "ಲೋಡ್ ಅಂಡ್ ಮೇಕ್ ರೆಡಿ" ಎಂದರು ಹೆಂಕ್. ಪಿಸ್ತೂಲನ್ನು ಹೊರತೆಗೆದು ಗುಂಡು ತುಂಬಿಸಿ ಸಿದ್ಧನಾಗು ಎಂದು ಅರ್ಥ. ನಾನು ಪಿಸ್ತೂಲನ್ನು ಹೊರತೆಗೆದೆ.

ಇಲ್ಲಿ ಸ್ವಲ್ಪ ನಿಂತು ನಿಮ್ಮನ್ನೊಂದು ಮಾತು ಕೇಳಬೇಕು. ಈಗ ನೀವು ಓದುತ್ತಿರುವ ಈ ಪುಸ್ತಕ ಕೈಜಾರಿ ನಿಮ್ಮ ಕಾಲಿನ ಮೇಲೆ ಬಿದ್ದರೆ ಏನು ಮಾಡುತ್ತೀರಿ? ಎತ್ತಿಕೊಂಡು ಕಣ್ಣಿಗೊತ್ತಿಕೊಳ್ಳುತ್ತೀರಿ. ಯೋಚಿಸಿ ಮಾಡುತ್ತೀರಾ? ಇಲ್ಲ. ನಿಮ್ಮ ಬುದ್ಧಿಗೆ ಸುದ್ದಿ ಮುಟ್ಟುವ ಮೊದಲೇ ಕೈ ಆ ಕೆಲಸ ಮುಗಿಸಿರುತ್ತದೆ. ನಮ್ಮಮ್ಮ ನನ್ನ ಕೈಗೆ ಕೊಟ್ಟ ತರಬೇತಿ ಅಂಥದು. ಪುಸ್ತಕಕ್ಕೆ ಕಾಲು ತಾಗಿದರೆ ಕಣ್ಣಿಗೆ, ಅಕ್ಕಿಗೆ ತಾಗಿದರೆ ಕಣ್ಣಿಗೆ, ಮನುಷ್ಯರಿಗೆ ತಾಗಿದರೆ ಅವರನ್ನು ಮುಟ್ಟಿ ಕಣ್ಣಿಗೆ. ಒಮ್ಮೆ ಸಿಟಿ ಬಸ್ಸಿನಲ್ಲಿ ಒಬ್ಬ ಯಜಮಾನರಿಗೆ ನನ್ನ ಕಾಲು ತಾಗಿ, ನಾನು ಅವರನ್ನು ಮುಟ್ಟಿ ಕಣ್ಣಿಗೊತ್ತಿಕೊಳ್ಳಲು ಬಗ್ಗಿದಾಗ ಅವರಿಗೂ ಅದೇ ಅನಿಸಿ ಅವರೂ ಬಗ್ಗಿ, ಇಬ್ಬರ ತಲೆಗಳೂ ಢೀ ಎಂದಿದ್ದವು.

ಕಾಲು ತಾಗಿದರೆ ಮಾತ್ರವಲ್ಲ, ಹೊಸದಾದ ಯಾವುದು ಕೈಗೆ ಬಂದರೂ ಹಾಗೆಯೇ. ಪರೀಕ್ಷೆಯ ಪ್ರಶ್ನೆಪತ್ರಿಕೆಯನ್ನು ಕಣ್ಣಿಗೊತ್ತಿಕೊಂಡೇ ಬಿಡಿಸುತ್ತಿದ್ದೆ. ಓದಿದ ಮೇಲೆ ಒತ್ತಿಕೊಂಡದ್ದು ದಂಡವಾಯಿತೆಂದು ತಿಳಿಯುತ್ತಿತ್ತು, ಅದು ಬೇರೆ ಮಾತು. ಬೆಂಗಳೂರಿನ ಮೊದಲ ಆಫೀಸಿನಲ್ಲಿ ಹೊಸ ಲ್ಯಾಪ್‌ಟಾಪು ಕೊಟ್ಟಾಗ ಒತ್ತಿಕೊಂಡೆ. ಮುಂಬೈ ಕಡೆಯ ಮ್ಯಾನೇಜರು ನಾನು ಅದನ್ನು ಮೂಸುತ್ತಿದ್ದೇನೆ ಎಂದುಕೊಂಡ. ಇಲ್ಲಿಗೆ ಬಂದು ವಾಸದ ಕಾರ್ಡು ಕೈಗೆ ಸಿಕ್ಕಿದಾಗಲೂ ಕೈ ತನ್ನ ಕೆಲಸ ಮಾಡಿತು. ಕೌಂಟರಿನ ಆಚೆಯಿದ್ದ ಹೆಂಗಸು, ಪಾಪ, ನನಗೆ ಕಣ್ಣು ಸರಿಯಾಗಿ ಕಾಣುವುದಿಲ್ಲ ಎಂದು ತಿಳಿದು ಕಾರ್ಡಿನ ಮೇಲಿದ್ದುದನ್ನೆಲ್ಲ ಗಟ್ಟಿಯಾಗಿ ಓದಿ ಹೇಳಿದಳು.

ಒಂದು ವರ್ಷ ಕ್ಲಬ್ಬಿನ ಪಿಸ್ತೂಲು ಹಿಡಿದಾಗ ನನಗೆ ಹೀಗೆ ಆಗಿರಲಿಲ್ಲ. ಅದು ಊರಿನವರೆಲ್ಲರ ಕೈಬೆವರು ಕುಡಿದ ಪಿಸ್ತೂಲು, ನನ್ನದಲ್ಲ. ಇದು ನನ್ನದು, ಇದರಲ್ಲಿ ಗುಂಡು ಹೊಡೆಯುವ ಮೊದಲ ದಿನ, ನನ್ನ ಮೊದಲ ಸ್ಪರ್ಧೆ. ಕೈ ತಾನಾಗಿ ಮೇಲೆದ್ದಿತು. ಪಿಸ್ತೂಲನ್ನು ಎರಡೂ ಕೈಯಲ್ಲಿ ಅಡ್ಡ ಹಿಡಿದು, ಕಣ್ಣು ಮುಚ್ಚಿ, ಬಲಗಣ್ಣಿಗೊಮ್ಮೆ ಎಡಗಣ್ಣಿಗೊಮ್ಮೆ ಒತ್ತಿಕೊಂಡೆ.

"ಸ್ಟಾಪ್!"

ಹೆಂಕ್ ಗಂಟಲಿನಿಂದ ಅಂಥ ದನಿ ಬರುತ್ತದೆಂದು ನನಗೆ ಗೊತ್ತಿರಲಿಲ್ಲ. ಅವರ ಹಸ್ತ ನನ್ನ ಮಣಿಕಟ್ಟನ್ನು ಹಿಡಿದು ಪಿಸ್ತೂಲನ್ನು ಮುಂದೆ ಗುಂಡು ತಡೆಯಲು ಹಾಕಿದ್ದ ಮಣ್ಣುದಿಬ್ಬದ ಕಡೆ ತಿರುಗಿಸಿತು, ಇನ್ನೊಂದು ಕೈ ಅದನ್ನು ಕಿತ್ತುಕೊಂಡಿತು. ತೆರೆದು ನೋಡಿದರು. ಖಾಲಿ. ಗುಂಡುಗಳೆಲ್ಲ ಇನ್ನೂ ನನ್ನ ಬೆಲ್ಟಿನಲ್ಲೇ ಇದ್ದವು. ಆದರೆ ಹೆಂಕ್ ಮುಖದಲ್ಲಿ ರಕ್ತವೇ ಇರಲಿಲ್ಲ. ಸಿಟ್ಟಿನಿಂದ ಇರಬೇಕು ಎಂದುಕೊಂಡೆ.

ಸ್ಪರ್ಧೆಯಿಂದ ವಜಾ ಆದದ್ದು ದೊಡ್ಡದಲ್ಲ, ನಳಿಗೆ ಮೈಯ ಕಡೆ ತಿರುಗಿದರೆ ಯಾರನ್ನಾದರೂ ವಜಾ ಮಾಡುತ್ತಾರೆ. ದೊಡ್ಡದು ಆಮೇಲೆ ಬಂತು. ಕ್ಲಬ್ಬಿನ ಕಮಿಟಿಯವರು ಒಳಗೆ ಕರೆದು ಕೂರಿಸಿ, ತುಂಬ ಮೆತ್ತಗೆ, ರೋಗಿಯ ಹತ್ತಿರ ಮಾತಾಡುವ ಹಾಗೆ, "ಯಾಕೆ ಹಾಗೆ ಮಾಡಿದೆ?" ಎಂದು ಕೇಳಿದರು. ಗೌರವಕ್ಕೆ ಎಂದೆ. ಯಾರಿಗೆ ಗೌರವ ಎಂದರು. ಪಿಸ್ತೂಲಿಗೆ ಎಂದೆ. ಅವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಇನ್ನಷ್ಟು ಬಿಡಿಸಿ ಹೇಳೋಣವೆಂದು, ನಮ್ಮಲ್ಲಿ ವರ್ಷಕ್ಕೊಮ್ಮೆ ಆಯುಧಗಳನ್ನು ಪೂಜಿಸುತ್ತೇವೆ, ಅರಿಶಿನ ಕುಂಕುಮ ಹಚ್ಚಿ ಕುಂಬಳಕಾಯಿ ಒಡೆಯುತ್ತೇವೆ ಎಂದೆ. ಅಲ್ಲಿಗೆ ನನ್ನ ಕಥೆ ಮುಗಿಯಿತು. ನೀವೇ ಆ ಕುರ್ಚಿಯಲ್ಲಿದ್ದಿದ್ದರೆ, ಪಿಸ್ತೂಲನ್ನು ಪೂಜಿಸುತ್ತೇನೆ ಎನ್ನುವವನ ಕೈಗೆ ಪಿಸ್ತೂಲು ಕೊಡುತ್ತಿದ್ದಿರಾ?

ಕಮಿಟಿ ಕೂತು ತೀರ್ಮಾನಿಸುವ ತನಕ ನಾನು ಕ್ಲಬ್ಬಿಗೆ ಬರಬಾರದು, ಪಿಸ್ತೂಲು ಕ್ಲಬ್ಬಿನ ಕಪಾಟಿನಲ್ಲೇ ಇರುತ್ತದೆ ಎಂದಾಯಿತು. ಅಗತ್ಯವೆನಿಸಿದರೆ ಪೊಲೀಸರಿಗೆ ತಿಳಿಸಬೇಕಾಗುತ್ತದೆ ಎಂದರು. ತಿಳಿಸಿದರೆ ಪರವಾನಗಿ ಹೋದ ಹಾಗೇ. ಹೆಂಕ್ ಒಂದು ಮಾತೂ ಆಡದೆ ಮೂಲೆಯಲ್ಲಿ ನಿಂತಿದ್ದರು. ಅವರಾದರೂ ನನ್ನ ಪರ ಒಂದು ಮಾತು ಹೇಳಬಹುದಿತ್ತು ಎಂದು ನನಗೆ ನೋವಾಯಿತು, ಸಿಟ್ಟೂ ಬಂತು.

ಪರದೇಶದಲ್ಲಿರುವವನ ಭಯಕ್ಕೆ ಕಾಲು ಜಾಸ್ತಿ. ಪೊಲೀಸರಿಗೆ ತಿಳಿದರೆ ಆಫೀಸಿಗೆ ತಿಳಿಯುತ್ತದೆ, ಆಫೀಸಿಗೆ ತಿಳಿದರೆ ಕೆಲಸ ಹೋಗುತ್ತದೆ, ಕೆಲಸ ಹೋದರೆ ಪರ್ಮಿಟ್ಟು ಹೋಗುತ್ತದೆ, ಮಗಳು ಮೈಸೂರಿನ ಶಾಲೆಯಲ್ಲಿ ಡಚ್ ಮಾತಾಡಿಕೊಂಡು ಕೂರುತ್ತಾಳೆ. ಮನೆ ತಲುಪುವಷ್ಟರಲ್ಲಿ ನಾನು ಮನಸ್ಸಿನಲ್ಲೇ ಸಾಮಾನು ಕಟ್ಟಿ ಮುಗಿಸಿದ್ದೆ. ಇಮ್ತಿಯಾಜ್ ಫೋನು ಮಾಡಿದ. "ಕಣ್ಣಿಗೆ ಬೆವರು ಇಳಿದಿತ್ತು, ಒರೆಸ್ಕೊಂಡೆ ಅಂತ ಹೇಳಿಬಿಡು ಲೇ, ಮುಗೀತು."

"ಪಿಸ್ತೂಲಲ್ಲಿ ಯಾರಾದ್ರೂ ಬೆವರು ಒರೆಸ್ಕೋತಾರೇನೋ?"

"ಪಿಸ್ತೂಲಿಗೆ ಯಾರಾದ್ರೂ ಕುಂಬಳಕಾಯಿ ಒಡೀತಾರೇನಲೇ? ಆ ಕುಂಬಳಕಾಯಿ ಮಾತು ತೆಗಿ ಅಂತ ನಿಂಗೆ ಹೇಳ್ದೋರು ಯಾರು?" ಎಂದು ಬೈದ. ಅವನ ಮಾತಿನಲ್ಲಿ ನ್ಯಾಯವಿತ್ತು.

ಸುಧಾಗೆ, "ಏನೋ ಸೇಫ್ಟಿ ರೂಲ್ ತಪ್ಪಿತಂತೆ, ಸ್ವಲ್ಪ ದಿನ ರಜ" ಎಂದಷ್ಟೇ ಹೇಳಿದೆ. ಗುರುವಾರ ಬಂತು. ಸಂಜೆ ಏನು ಮಾಡುವುದೆಂದು ತೋಚದೆ ಫ್ರಿಜ್ಜು ಒರೆಸಿದೆ. ಮುಂದಿನ ಗುರುವಾರ ಬಂದಾಗ ಒರೆಸಲು ಏನೂ ಉಳಿದಿರಲಿಲ್ಲ. ಈಗ ಅಲ್ಲಿ ಕಾಫಿಯ ಹೊತ್ತು, ನನ್ನನ್ನು ಹುಚ್ಚನೆಂದು ಮಾತಾಡಿಕೊಳ್ಳುತ್ತಿರುತ್ತಾರೆ ಎಂದು ಗಡಿಯಾರ ನೋಡುತ್ತ ಕೂತೆ.

ಆ ಭಾನುವಾರ ಮಧ್ಯಾಹ್ನ ಕರೆಗಂಟೆ ಸದ್ದಾಯಿತು. ಬಾಗಿಲು ತೆಗೆದರೆ ಹೆಂಕ್. ಎದುರುಗಾಳಿಗೆ ಸೈಕಲ್ ತುಳಿದು ಮುಖವೆಲ್ಲ ಕೆಂಪಾಗಿತ್ತು. ಇದು ಎಷ್ಟು ಅಸಾಧಾರಣ ಎಂದು ನಿಮಗೆ ತಿಳಿಯಬೇಕು. ಈ ದೇಶದಲ್ಲಿ ಸ್ವಂತ ಅಕ್ಕನ ಮನೆಗೆ ಹೋಗುವುದಕ್ಕೂ ಮುಂಚೆಯೇ ದಿನ, ಹೊತ್ತು ಗೊತ್ತುಮಾಡಿಕೊಳ್ಳಬೇಕು. ಹೇಳದೆ ಕೇಳದೆ ಬರುವವರು ನಮ್ಮ ಪೈಕಿಯವರು ಮಾತ್ರ.

ಸುಧಾ ಅಡುಗೆಮನೆಗೆ ನನ್ನನ್ನು ಕರೆದು ಪಿಸುಗುಟ್ಟಿದಳು. "ರೀ, ಅಪಾಯಿಂಟ್‌ಮೆಂಟ್ ಇಲ್ದೆ ಡಚ್ಚರು ಬರ್ತಾರಾ? ಏನ್ರೀ ಮಾಡಿದೀರ ನೀವು?"

"ಏನಿಲ್ಲ, ಕಾಫಿ ಮಾಡು."

ಹೆಂಕ್ ತಮ್ಮ ಸೈಕಲ್ ಚೀಲವನ್ನು ಸೋಫಾದ ಪಕ್ಕ ನೆಲದ ಮೇಲಿಟ್ಟು ಕೂತರು. ಕೂತವರು ನನ್ನ ಜೊತೆ ಮಾತಾಡಲಿಲ್ಲ. ಸುಧಾ ಚಕ್ಕುಲಿ ತಂದಿಟ್ಟಾಗ ಅವಳನ್ನೇ ಕೇಳಿದರು. ಡಚ್ಚಿನಲ್ಲಿ ಕೇಳಿದ್ದನ್ನು ನಾನು ನಮ್ಮ ಮಾತಿನಲ್ಲಿ ಹೇಳುತ್ತೇನೆ.

"ಸುಧಾ, ಇವನು ರಾತ್ರಿ ನಿದ್ದೆ ಮಾಡ್ತಾನಾ?"

"ನಿದ್ದೆನಾ? ಇವರು ಮಾಡ್ತಾರೆ, ಗೊರಕೆಗೆ ನನಗೇ ನಿದ್ದೆ ಇಲ್ಲ" ಎಂದಳು ಸುಧಾ. ಅವಳ ಡಚ್ಚು ನನ್ನದಕ್ಕಿಂತ ಚೆನ್ನಾಗಿದೆ, ಹಾಗಾಗಿ ಇಂಥ ಮಾತುಗಳು ಸಲೀಸಾಗಿ ಬರುತ್ತವೆ.

"ಊಟ?"

"ಅದರಲ್ಲೇನೂ ಕಮ್ಮಿ ಇಲ್ಲ. ಡಾಕ್ಟರು ಅನ್ನ ಕಮ್ಮಿ ಮಾಡಿ ಅಂದ್ರೂ ಕೇಳಲ್ಲ."

"ಸುಮ್ಮನೆ ಒಬ್ಬನೇ ಕೂತಿರ್ತಾನಾ? ಮಾತು ಕಮ್ಮಿಯಾಗಿದೆಯಾ?"

"ಆಚೆ ವಾರ ಕೇಳದೇ ಫ್ರಿಜ್ ಕ್ಲೀನ್ ಮಾಡಿದ್ರು" ಎಂದು ಸುಧಾ ನನ್ನ ಕಡೆ ಅನುಮಾನದಿಂದ ನೋಡಿದಳು. "ಹದಿನೈದು ವರ್ಷದಲ್ಲಿ ಮೊದಲ್ನೇ ಸಲ."

ಹೆಂಕ್ ಮುಖ ಇನ್ನಷ್ಟು ಗಂಭೀರವಾಯಿತು. ವಧುಪರೀಕ್ಷೆಗೆ ಕೂತವಳ ಹಾಗೆ ನಾನು ಚಕ್ಕುಲಿಯ ಸುರುಳಿ ನೋಡುತ್ತ ಕೂತಿದ್ದೆ. ಕಮಿಟಿಯ ಪರವಾಗಿ ವಿಚಾರಣೆಗೆ ಬಂದಿದ್ದಾರೆ, ಇವರು ಹೋಗಿ ಏನು ಹೇಳುತ್ತಾರೋ ಅದರ ಮೇಲೆ ನನ್ನ ಪಿಸ್ತೂಲು, ಪರವಾನಗಿ, ಗುರುವಾರ ಎಲ್ಲ ನಿಂತಿದೆ ಎಂದುಕೊಂಡೆ. ಫ್ರಿಜ್ಜಿನ ವಿಷಯ ಇವಳು ಹೇಳಬಾರದಿತ್ತು.

ಸುಧಾ ಕಾಫಿಯ ಟ್ರೇ ತರಲು ಹೋದಳು. ತರುವಾಗ ಅವಳ ಕಾಲು ಸೋಫಾದ ಪಕ್ಕದಲ್ಲಿದ್ದ ಹೆಂಕ್ ಚೀಲಕ್ಕೆ ತಾಗಿತು. ಟ್ರೇಯನ್ನು ಮೇಜಿನ ಮೇಲಿಟ್ಟಳು, ಬಗ್ಗಿದಳು, ಚೀಲವನ್ನು ಬೆರಳ ತುದಿಯಿಂದ ಮುಟ್ಟಿ ಎರಡೂ ಕಣ್ಣಿಗೊತ್ತಿಕೊಂಡಳು. ಆಮೇಲೆ ಏನೂ ಆಗದವಳಂತೆ, "ಸಕ್ಕರೆ ಎಷ್ಟು?" ಎಂದು ಕೇಳಿದಳು.

ಹೆಂಕ್ ಸಕ್ಕರೆಯ ಮಾತಾಡಲಿಲ್ಲ. "ಈಗ ಏನು ಮಾಡಿದಿರಿ?" ಎಂದರು.

"ಏನು ಮಾಡಿದೆ?" ಸುಧಾಗೆ ನಿಜವಾಗಿಯೂ ಗೊತ್ತಿರಲಿಲ್ಲ.

"ನನ್ನ ಚೀಲ ಮುಟ್ಟಿ... ಹೀಗೆ." ಹೆಂಕ್ ತಮ್ಮ ದಪ್ಪ ಬೆರಳುಗಳನ್ನು ಕಣ್ಣಿನ ಹತ್ತಿರ ತಂದು ತೋರಿಸಿದರು.

"ಓ ಅದಾ? ಕಾಲು ತಾಗ್ತಲ್ಲ, ಸಾರಿ. ನಿಮ್ಮ ಚೀಲಕ್ಕೆ ಅವಮರ್ಯಾದೆ ಆಗ್ಬಾರ್ದು ಅಂತ."

"ಇನ್ನೊಂದು ಸಲ ಮಾಡಿ."

ಸುಧಾ ನಾಚಿಕೊಂಡು ಇನ್ನೊಂದು ಸಲ ಮಾಡಿದಳು. ಹೆಂಕ್ ಕಣ್ಣು ಮಿಟುಕಿಸದೆ ನೋಡಿದರು. ಇದನ್ನು ಯಾವ ಯಾವುದಕ್ಕೆ ಮಾಡುತ್ತೀರಿ ಎಂದು ಕೇಳಿದರು. ಸುಧಾ ಹುರುಪಿನಿಂದ ಶುರುಮಾಡಿದಳು. ಪುಸ್ತಕಕ್ಕೆ, ದುಡ್ಡಿಗೆ, ಅಕ್ಕಿಗೆ, ಪೊರಕೆಗೆ, ಮಕ್ಕಳಿಗೆ ಕೂಡ, ಹೊಸ ಸೀರೆಗೆ, ಹೊಸ ಕಾರಿಗೆ, ಮಗಳ ಶಾಲೆಯ ಐಪ್ಯಾಡಿಗೆ. "ಕೆಲಸಕ್ಕೆ ಬರೋದು ಯಾವ್ದಾದ್ರೂ ಸರಿ. ಹೊಸದು ಬಂದ್ರೆ ಮೊದಲು ಕಣ್ಣಿಗೆ, ಆಮೇಲೆ ಕೈಗೆ."

"ಹೊಸ ಪಿಸ್ತೂಲು ಬಂದರೆ?" ಎಂದರು ಹೆಂಕ್.

ಸುಧಾ ನನ್ನ ಕಡೆ ತಿರುಗಿದಳು. ಈ ಸಲ ಕನ್ನಡದಲ್ಲಿ. "ರೀ! ಪಿಸ್ತೂಲನ್ನ ಕಣ್ಣಿಗೊತ್ಕೊಂಡ್ರಾ? ಎಲ್ಲರ ಎದುರಿಗೆ? ತಲೆ ನೆಟ್ಟಗಿದೆಯೇನ್ರೀ ನಿಮಗೆ?" ಎಂದು ಹಣೆ ಚಚ್ಚಿಕೊಂಡಳು.

ಹೆಂಕ್‌ಗೆ ಕನ್ನಡ ಬಾರದಿದ್ದರೂ ಹೆಂಡತಿಯೊಬ್ಬಳು ಗಂಡನಿಗೆ ಬೈಯುತ್ತಿದ್ದಾಳೆ ಎಂಬುದು ಗೊತ್ತಾಯಿತು. ನಗಲು ಶುರುಮಾಡಿದರು. ಸೋಫಾ ಅಲ್ಲಾಡುವ ಹಾಗೆ ನಕ್ಕರು. ಸುಧಾ ನಕ್ಕಳು, ಮೇಲಿನ ಕೋಣೆಯಿಂದ ಇಳಿದು ಬಂದ ಮಗಳು ಯಾಕೆಂದು ತಿಳಿಯದೆಯೂ ನಕ್ಕಳು. ನನಗೂ ಹೋದ ಜೀವ ಬಂದಂತಾಗಿ ನಗು ಬಂತು. ನಗುತ್ತ ನಗುತ್ತ ನೋಡಿದರೆ ಹೆಂಕ್ ನಗುತ್ತಿರಲಿಲ್ಲ. ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡಿದ್ದರು. ಬೆರಳುಗಳ ನಡುವಿನಿಂದ ನೀರು ಇಳಿಯುತ್ತಿತ್ತು.

ಸುಧಾ ಮಗಳನ್ನು ಮೇಲೆ ಕಳಿಸಿದಳು. ಹೆಂಕ್ ಮುಖ ಒರೆಸಿಕೊಂಡು ಮಾತಾಡಿದರು.

"ನಮ್ಮ ಕ್ಲಬ್ಬಿನವನೇ ಒಬ್ಬನಿದ್ದ. ನೀನು ಬರುವುದಕ್ಕೆ ಮುಂಚೆ. ನನ್ನ ಗೆಳೆಯ. ಒಂದು ಗುರುವಾರ ಅವನು ಪಿಸ್ತೂಲು ಹಿಡಿದು ಬೇಕಾದದ್ದಕ್ಕಿಂತ ಹೆಚ್ಚು ಹೊತ್ತು ಅದನ್ನೇ ನೋಡುತ್ತ ನಿಂತಿದ್ದ. ನಾನು ನೋಡಿದೆ. ಏನಾಯಿತು ಎಂದು ಕೇಳಬೇಕೆನಿಸಿತು. ಜನರ ಮುಂದೆ ಬೇಡ, ಮುಂದಿನ ವಾರ ಕೇಳೋಣ ಎಂದುಕೊಂಡೆ." ಕಾಫಿಯ ಲೋಟವನ್ನು ತಿರುಗಿಸಿದರು. "ಮುಂದಿನ ವಾರ ಅವನಿರಲಿಲ್ಲ."

ಲೋಟವನ್ನು ಮೇಜಿನ ಮೇಲಿಟ್ಟರು.

"ನೀನು ಪಿಸ್ತೂಲು ಮೇಲೆತ್ತಿ ಕಣ್ಣು ಮುಚ್ಚಿದೆಯಲ್ಲ, ಆವತ್ತಿನಿಂದ ನಾನು ಸರಿಯಾಗಿ ಮಲಗಿಲ್ಲ. ಕಮಿಟಿಯವರು ತೀರ್ಮಾನ ಮಾಡಲಿ, ಅದು ಅವರ ಕೆಲಸ. ನನಗೆ ಬೇಕಾಗಿದ್ದು ಅದಲ್ಲ. ಈ ಸಲವೂ ಮುಂದಿನ ವಾರ ಅಂತ ಬಿಡೋದಕ್ಕೆ ನನ್ನಿಂದ ಆಗಲಿಲ್ಲ" ಎಂದರು.

ನನ್ನ ಸಿಟ್ಟೆಲ್ಲ ಎಲ್ಲಿ ಹೋಯಿತೋ ತಿಳಿಯಲಿಲ್ಲ. ಅಷ್ಟು ದಿನ ನಾನು ನನ್ನ ಪಿಸ್ತೂಲು ವಾಪಸು ಬರುತ್ತದೋ ಇಲ್ಲವೋ ಎಂದು ಎಣಿಸುತ್ತಿದ್ದೆ. ಇವರು ನಾನು ಇರುತ್ತೇನೋ ಇಲ್ಲವೋ ಎಂದು ಎಣಿಸುತ್ತಿದ್ದರು. ಸುಧಾ ತಟ್ಟೆಗೆ ಇನ್ನಷ್ಟು ಚಕ್ಕುಲಿ ಹಾಕಿದಳು. ನಮ್ಮ ಮನೆಯಲ್ಲಿ ಮಾತು ಸಿಗದಿದ್ದಾಗ ಮಾಡುವುದು ಅದನ್ನೇ.

ಪಿಸ್ತೂಲಿನ ವಿಷಯ ಈಗಲೇ ಹೇಳಿ ಮುಗಿಸುತ್ತೇನೆ. ಹೆಂಕ್ ಕಮಿಟಿಯ ಮುಂದೆ ಸುಧಾಳ ಹಾಗೆ ಬಗ್ಗಿ, ತಮ್ಮ ಚೀಲ ಮುಟ್ಟಿ, ಕಣ್ಣಿಗೊತ್ತಿಕೊಂಡು ತೋರಿಸಿದರಂತೆ. ಅಷ್ಟು ದೊಡ್ಡ ದೇಹ ಬಗ್ಗಿದ್ದನ್ನು ನೋಡಿದ ಮೇಲೆ ಯಾರಿಗೂ ಎರಡನೆಯ ಪ್ರಶ್ನೆ ಬರಲಿಲ್ಲ ಎಂದು ಇಮ್ತಿಯಾಜ್ ಹೇಳಿದ. ಪಿಸ್ತೂಲು ನನ್ನ ಕಪಾಟಿಗೆ ಮರಳಿತು. ಒಂದೇ ಷರತ್ತು: ಒತ್ತಿಕೊಳ್ಳುವುದಿದ್ದರೆ ಕೈ ಖಾಲಿ ಇರಬೇಕು. ಈಗ ನಾನು ಸ್ಪರ್ಧೆಯಲ್ಲಿ ಹೆಂಕ್ ಆಜ್ಞೆ ಕೊಡುವ ಮೊದಲೇ ಬಗ್ಗಿ ನೆಲ ಮುಟ್ಟಿ ಕಣ್ಣಿಗೊತ್ತಿಕೊಳ್ಳುತ್ತೇನೆ. ಸಾಲಿನಲ್ಲಿರುವವರು ನನಗಾಗಿ ಕಾಯುತ್ತಾರೆ. ಆಮೇಲೆ ನಾನು ಯಥಾಪ್ರಕಾರ ಗೋಡೆಗೆ ಹೊಡೆಯುತ್ತೇನೆ.

ಆದರೆ ನನಗೆ ಮತ್ತೆ ಮತ್ತೆ ನೆನಪಾಗುವುದು ಆ ಭಾನುವಾರ ಹೆಂಕ್ ಹೊರಟಾಗ ಆದದ್ದು. ಬೀದಿಯವರೆಗೆ ಕಳಿಸಲು ಹೋದೆ. ಸೈಕಲ್ಲಿನ ಬೀಗ ತೆಗೆದು, ಚೀಲ ಸಿಕ್ಕಿಸಿ, ನನ್ನ ಕಡೆ ತಿರುಗಿ "ಹು ಖಾತ್ ಹೆತ್?" ಎಂದರು. ಹೇಗಿದ್ದೀಯ, ಪರವಾಗಿಲ್ಲವಾ ಎನ್ನುವುದಕ್ಕೆ ಇಲ್ಲಿ ಎಲ್ಲರೂ ಹೇಳುವ ಮಾತು. ಆಫೀಸಿನ ಲಿಫ್ಟಿನಲ್ಲಿ ದಿನಾ ಕೇಳುತ್ತಾರೆ, ಉತ್ತರ ಬರುವಷ್ಟರಲ್ಲಿ ತಮ್ಮ ಮಹಡಿಯಲ್ಲಿ ಇಳಿದು ಹೋಗಿರುತ್ತಾರೆ. ನಾನೂ ಹಾಗೆ ಕೇಳಿದ್ದೇನೆ, ಹಾಗೆಯೇ ಇಳಿದು ಹೋಗಿದ್ದೇನೆ.

"ಚೆನ್ನಾಗಿದ್ದೇನೆ ಹೆಂಕ್" ಎಂದೆ, ಅಭ್ಯಾಸಬಲದಿಂದ.

ಹೆಂಕ್ ಹೋಗಲಿಲ್ಲ. ಗಾಳಿಗೆ ಸೈಕಲ್ ಅಲ್ಲಾಡದಂತೆ ಹಿಡಿದುಕೊಂಡು ನನ್ನ ಮುಖವನ್ನೇ ನೋಡುತ್ತ ನಿಂತರು. ಆಗ ನಾನೂ ನನ್ನನ್ನೇ ಕೇಳಿಕೊಂಡೆ. ಎಷ್ಟೋ ವರ್ಷಗಳಿಂದ ಯಾರೂ ಉತ್ತರಕ್ಕಾಗಿ ಕಾದು ನಿಂತಿರಲಿಲ್ಲ, ಹಾಗಾಗಿ ನಾನೂ ನೋಡಿಕೊಂಡಿರಲಿಲ್ಲ. ನೋಡಿದೆ. ಒಳಗೆ ಸುಧಾ ಯಾರಿಗೋ ಫೋನಿನಲ್ಲಿ ಇಡೀ ಕಥೆಯನ್ನು ನಗುತ್ತ ಹೇಳುತ್ತಿದ್ದುದು ಕೇಳಿಸಿತು.

"ನಿಜವಾಗಿ ಚೆನ್ನಾಗಿದ್ದೇನೆ" ಎಂದೆ.

ಹೆಂಕ್ ಇನ್ನೂ ಒಂದು ಕ್ಷಣ ನೋಡಿ, ತಲೆಯಾಡಿಸಿ, ಸೈಕಲ್ ಹತ್ತಿದರು.